ನಲ್ಲಿಯ ನೀರಿಗೆ ಸಾಕ್ಷಿ ಯಾರು?

ಬಿಸಿಲಿನಲ್ಲಿ ನಡೆದು ಮನೆಗೆ ಬಂದವರಿಗೆ, ಅವರು ಯಾರು, ಯಾವ ಕಾರ್ಯನಿಮಿತ್ತವಾಗಿ ಬಂದರು ಎಂಬುದನ್ನು ವಿಚಾರಿಸುವುದಕ್ಕೆ ಮೊದಲೇ, ಒಂದು ತುಂಡು ಬೆಲ್ಲವನ್ನೂ ಒಂದು ಚೊಂಬು ನೀರನ್ನೂ ಮುಂದಿಡುವುದು ನಮ್ಮ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದ ಉಪಚಾರ. ಹಾಗೆ ಕೊಟ್ಟ ನೀರನ್ನು ಅತಿಥಿಯಾದವನು ಪರೀಕ್ಷಿಸುವುದಿಲ್ಲ. ಕೊಟ್ಟವರ ಮೇಲಣ ವಿಶ್ವಾಸವೊಂದರಿಂದಲೇ ಅದನ್ನು ಕುಡಿಯುತ್ತಾನೆ. ಆ ವಿಶ್ವಾಸಕ್ಕೆ ಆಧಾರವೂ ಉಂಟಾಗಿತ್ತು. ನೀರು ಯಾವ ಬಾವಿಯದು, ಆ ಬಾವಿಯ ಹೂಳೆತ್ತಿ ಎಷ್ಟು ವರ್ಷವಾಯಿತು, ಕಟ್ಟೆಯ ಸುತ್ತ ಕೊಚ್ಚೆ ನಿಂತಿದೆಯೋ ಇಲ್ಲವೋ, ಕೊಡದ ಬಾಯಿಗೆ ಕಟ್ಟಿದ ಸೋಸುಬಟ್ಟೆ ಒಗೆದದ್ದೋ ಅಲ್ಲವೋ ಎಂಬ ಪೂರ್ವೋತ್ತರವೆಲ್ಲವೂ ಆ ಮನೆಯ ಗೃಹಿಣಿಗೆ ಕರತಲಾಮಲಕವಾಗಿತ್ತು. ಆ ನೀರಿಗೆ ಅವಳೇ ಸಾಕ್ಷಿಯಾಗಿದ್ದಳು.

ಇಂದು ಆ ಸಾಕ್ಷಿಯು ಮನೆಯೊಳಗೆ ಇಲ್ಲ. ಬೆಂಗಳೂರಿನ ನಿವಾಸಿಯು ಬೆಳಗಾಗೆದ್ದು ನಲ್ಲಿಯನ್ನು ತಿರುಗಿಸಿದಾಗ ಧುಮುಕುವ ಕಾವೇರಿಯು ಸುಮಾರು 100 ಕಿಲೋಮೀಟರು ದೂರದ ತೊರೆಕಾಡನಹಳ್ಳಿಯಲ್ಲಿ ಶೋಧಿತಳಾಗಿ, ಯಂತ್ರಗಳ ಬಲದಿಂದ ಎತ್ತರವನ್ನೇರಿ, ಭೂಗರ್ಭದ ಕೊಳವೆಗಳಲ್ಲಿ ಹರಿದು, ಹಲವು ತೊಟ್ಟಿಗಳಲ್ಲಿ ತಂಗಿ, ಚರಂಡಿಗಳ ಪಕ್ಕದಲ್ಲಿಯೇ ಹಾದು ಬಂದವಳು. ಹಳ್ಳಿಯ ಮನೆಯಂಗಳದಲ್ಲಿ ಸುರಿಯುವ ನೀರಾದರೂ ನೂರಾರು ಅಡಿ ಆಳದ ಕೊಳವೆ ಬಾವಿಯಿಂದ ಮೇಲೆ ಬಂದು, ಯಾರೂ ದಿನವೂ ಹತ್ತಿ ನೋಡದ ಮೇಲ್ತೊಟ್ಟಿಯಲ್ಲಿ ನಿಂತು ಇಳಿದದ್ದು. ನೀರು ಹತ್ತಿರಕ್ಕೆ ಬಂದಷ್ಟೂ ಅದರ ವೃತ್ತಾಂತವು ನಮ್ಮಿಂದ ದೂರವಾಗಿದೆ. ಸಾವಿರಾರು, ಲಕ್ಷಾಂತರ ಜನರು ಒಂದೇ ಮೂಲದ ನೀರನ್ನು ಕಣ್ಣುಮುಚ್ಚಿ ಕುಡಿಯುವ ಈ ಏರ್ಪಾಡಿನಲ್ಲಿ, ಹಿಂದೆ ಗೃಹಿಣಿಯು ಕೊಡುತ್ತಿದ್ದ ಸಾಕ್ಷ್ಯವನ್ನು ಈಗ ಕೊಡತಕ್ಕವರು ಯಾರು, ಅವರು ಅದನ್ನು ಹೇಗೆ ಸಂಗ್ರಹಿಸುತ್ತಾರೆ, ಸಂಗ್ರಹಿಸಿದುದನ್ನು ಯಾರ ಮುಂದೆ ನುಡಿಯುತ್ತಾರೆ ಎಂಬೀ ಮೂರು ಪ್ರಶ್ನೆಗಳು ಪ್ರತಿಯೊಬ್ಬ ಗೃಹಸ್ಥನಿಗೂ ಸಂಬಂಧಪಟ್ಟವು.

ನಮ್ಮ ಕಣ್ಣು, ಮೂಗು, ನಾಲಗೆಗಳೇ ಸಾಲವೇ ಎಂದು ಕೇಳುವವರುಂಟು. ಸಾಲವೆಂಬುದಕ್ಕೆ 1854ರ ಲಂಡನ್ ನಗರವೇ ದೃಷ್ಟಾಂತ. ಆ ವರ್ಷದ ಆಗಸ್ಟ್ ತಿಂಗಳ ಕೊನೆಯಲ್ಲಿ ಸೋಹೋ ಎಂಬ ಪೇಟೆಯ ಬ್ರಾಡ್ ಬೀದಿಯ ಸುತ್ತಮುತ್ತ ಕಾಲರಾ ಮಾರಿಯು ಹಬ್ಬಿ, ಕೆಲವೇ ದಿನಗಳಲ್ಲಿ 600ಕ್ಕೂ ಮಿಕ್ಕ ಜನರನ್ನು ಬಲಿತೆಗೆದುಕೊಂಡಿತು. ಜಾನ್ ಸ್ನೋ ಎಂಬ ವೈದ್ಯನು ಸತ್ತವರ ಮನೆಗಳನ್ನು ಒಂದೊಂದಾಗಿ ವಿಚಾರಿಸಿ, ಆ ಬೀದಿಯ ಕೈಪಂಪಿನ ನೀರೇ ರೋಗಕ್ಕೆ ಕಾರಣವೆಂದು ನಿರ್ಧರಿಸಿದನು. ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ಕಳಚಲಾಯಿತು. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಆ ಪಂಪಿನ ನೀರು ರುಚಿಗೆ ಹೆಸರಾಗಿತ್ತು. ಹಿಂದೆ ಆ ಬೀದಿಯಲ್ಲಿ ವಾಸವಾಗಿದ್ದು ಹಲವು ಮೈಲಿಗಳಾಚೆಯ ಹ್ಯಾಂಪ್‌ಸ್ಟೆಡ್‌ಗೆ ಹೋಗಿ ನೆಲೆಸಿದ್ದ ವೃದ್ಧೆಯೊಬ್ಬಳು ಆ ರುಚಿಯನ್ನು ಮರೆಯಲಾರದೆ, ಬಂಡಿಯಲ್ಲಿ ಅದೇ ನೀರನ್ನು ತರಿಸಿಕೊಂಡು ಕುಡಿಯುತ್ತಿದ್ದಳು. ಕಾಲರಾ ಸುಳಿಯದ ಊರಿನಲ್ಲಿ ಅವಳೊಬ್ಬಳು ಕಾಲರಾದಿಂದ ತೀರಿಕೊಂಡಳು. ಕಣ್ಣಿಗೆ ತಿಳಿಯಾಗಿಯೂ ನಾಲಗೆಗೆ ಹಿತವಾಗಿಯೂ ಇರುವ ನೀರು ಮೃತ್ಯುವನ್ನು ಹೊತ್ತು ತರಬಲ್ಲುದೆಂಬ ಪಾಠವನ್ನು ಮನುಷ್ಯಕುಲವು ಕಲಿತದ್ದು ಇಷ್ಟು ದುಬಾರಿಯಾದ ಬೆಲೆ ತೆತ್ತು.

ಇಂದ್ರಿಯಗಳು ಕೈಬಿಟ್ಟಲ್ಲಿ ಶಾಸ್ತ್ರವು ಕೈಹಿಡಿಯಬೇಕಾಯಿತು. 1865ರಿಂದ ಎಡ್ವರ್ಡ್ ಫ್ರಾಂಕ್‌ಲೆಂಡ್ ಎಂಬ ರಸಾಯನಶಾಸ್ತ್ರಜ್ಞನು ಲಂಡನ್ನಿಗೆ ನೀರೊದಗಿಸುತ್ತಿದ್ದ ಕಂಪನಿಗಳ ನೀರನ್ನು ತಿಂಗಳುತಿಂಗಳೂ ಪರೀಕ್ಷಿಸಿ, ಜನನಮರಣಗಳ ಲೆಕ್ಕವಿಡುವ ಅಧಿಕಾರಿಗೆ ವರದಿಯೊಪ್ಪಿಸತೊಡಗಿದನು. ಸಾವಿನ ಲೆಕ್ಕವೂ ನೀರಿನ ಲೆಕ್ಕವೂ ಒಂದೇ ಮೇಜಿನ ಮೇಲೆ ಬಂದು ಕೂಡಿದುದು ಸಾಮಾನ್ಯವಾದ ಸಂಗತಿಯಲ್ಲ. ತರುವಾಯ ರಾಬರ್ಟ್ ಕಾಕ್ ಎಂಬ ಜರ್ಮನ್ ವಿಜ್ಞಾನಿಯು ಘನಮಾಧ್ಯಮದ ಮೇಲೆ ಸೂಕ್ಷ್ಮಜೀವಿಗಳನ್ನು ಬೆಳೆಸಿ ಎಣಿಸುವ ಉಪಾಯವನ್ನು ಕಂಡುಹಿಡಿದನು. ನಮ್ಮ ಕಲ್ಕತ್ತೆಗೆ ಬಂದು 1884ರಲ್ಲಿ ಅಲ್ಲಿಯ ಕೆರೆಯೊಂದರ ನೀರಿನಲ್ಲಿ ಕಾಲರಾದ ಜೀವಾಣುವನ್ನು ಗುರುತಿಸಿದವನೂ ಆತನೇ.

ಆ ವಿದ್ಯೆಯ ಬೆಲೆಯೇನೆಂಬುದು 1892ರಲ್ಲಿ ಎಲ್ಬೆ ನದಿಯ ದಡದಲ್ಲಿ ಸಿದ್ಧವಾಯಿತು. ಹಾಂಬುರ್ಗ್ ಮತ್ತು ಆಲ್ಟೋನಾ ಒಂದಕ್ಕೊಂದು ಅಂಟಿಕೊಂಡ ಊರುಗಳು. ಹಾಂಬುರ್ಗಿನವರು ನದಿಯ ನೀರನ್ನು ಮರಳಿನಲ್ಲಿ ಶೋಧಿಸದೆ ಕುಡಿಯುತ್ತಿದ್ದರು. ಆಲ್ಟೋನಾದವರಾದರೋ, ಹಾಂಬುರ್ಗಿನ ಹೊಲಸೆಲ್ಲ ಬಂದು ಸೇರಿದ ಕೆಳಹರಿವಿನ ನೀರನ್ನೇ ಎತ್ತಿಕೊಂಡರೂ, ಅದನ್ನು ಮರಳಿನ ಪದರಗಳಲ್ಲಿ ನಿಧಾನವಾಗಿ ಶೋಧಿಸಿ ಕುಡಿಯುತ್ತಿದ್ದರು. ಕಾಲರಾ ಬಂದಾಗ ಹಾಂಬುರ್ಗಿನಲ್ಲಿ 8,600ರಷ್ಟು ಜನರು ಸತ್ತರು. ಆಲ್ಟೋನಾ ಬಹುಮಟ್ಟಿಗೆ ಪಾರಾಯಿತು. ಎರಡೂ ಊರುಗಳ ಎಲ್ಲೆಯಾಗಿದ್ದ ಬೀದಿಯಲ್ಲಿ ರೋಗವು ಒಂದು ಪಕ್ಕದಲ್ಲಿ ಮನೆಗಳನ್ನು ಹಾಳುಮಾಡಿ ಇನ್ನೊಂದು ಪಕ್ಕವನ್ನು ಮುಟ್ಟದೆ ನಿಂತಿತು. ಶೋಧಿಸುವ ಮರಳು ತನ್ನ ಕೆಲಸವನ್ನು ಮಾಡುತ್ತಿದೆಯೇ ಇಲ್ಲವೇ ಎಂಬುದನ್ನು ಜೀವಾಣುಗಳ ಎಣಿಕೆಯಿಂದ ನೋಡುತ್ತಿರಬೇಕು, ಶೋಧಿತ ಜಲದ ಒಂದು ಘನ ಸೆಂಟಿಮೀಟರಿನಲ್ಲಿ ನೂರಕ್ಕಿಂತ ಹೆಚ್ಚು ಜೀವಾಣುಗಳು ಕಾಣಬಾರದು ಎಂದು ಕಾಕ್ ಸೂಚಿಸಿದನು. ನೀರಿನ ಗುಣವನ್ನು ಅಂಕೆಯಲ್ಲಿ ಹಿಡಿದು, ಆ ಅಂಕೆ ಮೀರಿದರೆ ಎಚ್ಚರಗೊಳ್ಳುವ ಪದ್ಧತಿಯು ಹೀಗೆ ಬೇರೂರಿತು.

ಆ ಪದ್ಧತಿಯು ಇಂದು ಹೇಗೆ ನಡೆಯುತ್ತದೆಂಬುದನ್ನು ತುಸು ವಿವರವಾಗಿ ನೋಡೋಣ. ನೀರಿನಲ್ಲಿರಬಹುದಾದ ರೋಗಾಣುಗಳು ನೂರಾರು ಬಗೆ. ಪ್ರತಿಯೊಂದನ್ನೂ ಹುಡುಕಹೊರಡುವುದು ಅಸಾಧ್ಯವಾದ ಕಾರ್ಯ. ಆದುದರಿಂದ ಶಾಸ್ತ್ರಜ್ಞರು ಮನುಷ್ಯರ ಮತ್ತು ಪ್ರಾಣಿಗಳ ಕರುಳಿನಲ್ಲಿ ಕೋಟ್ಯಂತರ ಸಂಖ್ಯೆಯಲ್ಲಿ ನೆಲಸಿರುವ, 1885ರಲ್ಲಿ ಥಿಯೋಡೋರ್ ಎಶೆರಿಕ್ ಎಂಬ ವೈದ್ಯನು ಕಂಡುಹಿಡಿದ, ಇಂದು ಇ. ಕೋಲಿ ಎಂದು ಪ್ರಸಿದ್ಧವಾಗಿರುವ ಜೀವಾಣುವನ್ನೇ ಸೂಚಕವಾಗಿ ಹಿಡಿದರು. ಅದರ ಹಲವು ಪ್ರಭೇದಗಳು ನಿರಪಾಯಕರವಾದವೇ. ಆದರೆ ಅದು ನೀರಿನಲ್ಲಿ ಸಿಕ್ಕಿತೆಂದರೆ ಮಲವು ನೀರನ್ನು ಸೇರಿದೆಯೆಂದೂ, ಮಲದ ದಾರಿಯಲ್ಲಿ ಬರುವ ಕಾಲರಾ, ವಿಷಮಶೀತಜ್ವರ, ಕಾಮಾಲೆಗಳೂ ಬರಬಹುದೆಂದೂ ಅರ್ಥ. ಈ ಕಾರಣದಿಂದಲೇ ಕುಡಿಯುವ ನೀರಿಗೆ ಸಂಬಂಧಪಟ್ಟ ನಮ್ಮ ಭಾರತೀಯ ಮಾನಕವು, ಐಎಸ್ 10500 ಎಂಬ ಸಂಖ್ಯೆಯದು, 100 ಮಿಲಿಲೀಟರು ನೀರಿನಲ್ಲಿ ಇ. ಕೋಲಿ ಒಂದೂ ಕಾಣಕೂಡದೆಂದು ವಿಧಿಸಿದೆ.

ಪರೀಕ್ಷೆಗೆ ನೀರನ್ನು ಹಿಡಿಯುವುದರಲ್ಲಿಯೂ ಒಂದು ವಿಧಿಯುಂಟು. ನಲ್ಲಿಯ ಮೂತಿಯನ್ನು ಶುದ್ಧಮಾಡಿ, ಲೋಹದ್ದಾದರೆ ಜ್ವಾಲೆಯಿಂದ ಸುಟ್ಟು, ತುಸು ಹೊತ್ತು ನೀರನ್ನು ಹರಿಯಬಿಟ್ಟು, ನಿರ್ಜೀವೀಕರಿಸಿದ ಸೀಸೆಯಲ್ಲಿ ಒಳಗೆ ಬೆರಳು ತಾಗದಂತೆ ಹಿಡಿಯಬೇಕು. ಕ್ಲೋರಿನ್ ಬೆರೆತ ನೀರಾದರೆ ಸೀಸೆಯಲ್ಲಿ ಮೊದಲೇ ಸ್ವಲ್ಪ ಸೋಡಿಯಂ ಥಯೋಸಲ್ಫೇಟ್ ಇರಬೇಕು. ಇಲ್ಲವಾದರೆ ಕ್ಲೋರಿನ್ನು ದಾರಿಯುದ್ದಕ್ಕೂ ಜೀವಾಣುಗಳನ್ನು ಕೊಲ್ಲುತ್ತ ಹೋಗಿ, ಪ್ರಯೋಗಶಾಲೆಗೆ ತಲಪುವ ನೀರು ಮನೆಯಲ್ಲಿ ಕುಡಿದ ನೀರಿಗಿಂತ ಶುದ್ಧವಾಗಿ ತೋರೀತು. ಸೀಸೆಯನ್ನು ತಂಪುಪೆಟ್ಟಿಗೆಯಲ್ಲಿಟ್ಟು 24 ಗಂಟೆಗಳೊಳಗಾಗಿ ಪರೀಕ್ಷೆಗೊಡ್ಡಬೇಕು. ಎಲ್ಲಿಂದ ಹಿಡಿದ ನೀರು ಎಂಬುದಂತೂ ಮುಖ್ಯವಾದುದರಲ್ಲಿ ಮುಖ್ಯ. ಶುದ್ಧೀಕರಣ ಘಟಕದ ಬಾಗಿಲಲ್ಲೇ ಹಿಡಿದ ನೀರು ಘಟಕದ ಯೋಗ್ಯತೆಯನ್ನು ಹೇಳಬಹುದು. ಊರ ಕೊನೆಯ ಕೇರಿಯಲ್ಲಿ, ಕೊಳವೆ ಚರಂಡಿಯನ್ನು ದಾಟಿ ಹೋಗುವಲ್ಲಿ ಬದುಕುವವರು ಏನನ್ನು ಕುಡಿಯುತ್ತಿದ್ದಾರೆಂಬುದನ್ನು ಕೊನೆಯ ನಲ್ಲಿ ಮಾತ್ರವೇ ಹೇಳಬಲ್ಲುದು.

ಇಷ್ಟು ಮಾಡಿದರೂ ಒಂದು ಕೊರತೆ ಉಳಿದೇ ಉಳಿಯುತ್ತದೆ. ಜೀವಾಣುಗಳು ಬೆಳೆದು ಕಣ್ಣಿಗೆ ಕಾಣಬೇಕಾದರೆ ಒಂದೆರಡು ದಿನ ಹಿಡಿಯುವುದು. ಅಷ್ಟರೊಳಗೆ ಆ ನೀರು ಕುಡಿದವರ ಹೊಟ್ಟೆ ಸೇರಿರುತ್ತದೆ. ಆ ಕೊರತೆಯನ್ನು ತುಂಬುವುದು ಉಳಿಕೆ ಕ್ಲೋರಿನ್ನಿನ ಪರೀಕ್ಷೆ. ನೀರಿಗೆ ಬೆರೆಸಿದ ಕ್ಲೋರಿನ್ನು ಜೀವಾಣುಗಳನ್ನೂ ಕೊಳೆಯನ್ನೂ ಎದುರಿಸುವುದರಲ್ಲಿ ತಾನೂ ವ್ಯಯವಾಗುತ್ತದೆ. ಹಾಗೆ ವ್ಯಯವಾಗಿಯೂ ಕೊನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಮಿನಷ್ಟಾದರೂ ಉಳಿದಿದ್ದರೆ ದಾರಿಯಲ್ಲಿ ಶತ್ರು ಹೊಕ್ಕಿಲ್ಲವೆಂದು ತಕ್ಕಮಟ್ಟಿಗೆ ನಂಬಬಹುದು. ನಿನ್ನೆಯವರೆಗೆ ಉಳಿಯುತ್ತಿದ್ದುದು ಇಂದು ಉಳಿಯದಿದ್ದರೆ ಎಲ್ಲಿಯೋ ಕೊಳವೆ ಒಡೆದಿದೆ, ಇಲ್ಲವೇ ಮೂಲವೇ ಕೆಟ್ಟಿದೆ, ಅಥವಾ ಕ್ಲೋರಿನ್ ಹಾಕತಕ್ಕವನು ಹಾಕಿಲ್ಲ. ಇದನ್ನರಿಯಲು ಪ್ರಯೋಗಶಾಲೆ ಬೇಡ. ಕ್ಲೋರೋಸ್ಕೋಪ್ ಎಂಬ ಸಣ್ಣ ಉಪಕರಣದ ಕೊಳವೆಯಲ್ಲಿ ನೀರು ಹಿಡಿದು ಕೆಲವು ಹನಿ ದ್ರಾವಣ ಬೆರೆಸಿದರೆ, ನೀರು ಹಳದಿಗೆ ತಿರುಗುವ ಗಾಢತೆಯಿಂದಲೇ ಕ್ಷಣಮಾತ್ರದಲ್ಲಿ ತಿಳಿಯುವುದು.

ಈ ಅಗ್ಗವಾದ, ಸುಲಭವಾದ ಪರೀಕ್ಷೆಯನ್ನು ಮಾಡದೆಯೇ ಮಾಡಿದಂತೆ ಬರೆದಿಟ್ಟರೆ ಏನಾಗುತ್ತದೆಂಬುದಕ್ಕೆ ಕೆನಡಾ ದೇಶದ ವಾಕರ್ಟನ್ ಎಂಬ ಊರಿನ ಕಥೆಯನ್ನು ಹೇಳಲೇಬೇಕು. ಆಂಟೇರಿಯೋ ಪ್ರಾಂತದ ಸಮೃದ್ಧವಾದ ಕೃಷಿಪ್ರದೇಶದಲ್ಲಿ ಐದು ಸಾವಿರಕ್ಕೆ ತುಸು ಕಡಮೆ ಜನರಿರುವ ಶಾಂತವಾದ ಊರು ಅದು. ಊರಿನ ನೀರು ಬಾವಿಗಳಿಂದ ಬರುತ್ತಿತ್ತು. ಅವುಗಳಲ್ಲಿ 5ನೆಯದೆಂದು ಹೆಸರಿಸಲಾದ, 1978ರಲ್ಲಿ ಕೊರೆದ ಬಾವಿಯೊಂದು ಬಹಳ ಮೇಲುಮಟ್ಟದ್ದಾಗಿದ್ದು, ಬಿರುಕುಬಿಟ್ಟ ಬಂಡೆಯಿಂದ ನೀರನ್ನು ಹೀರುತ್ತಿತ್ತು. 2000ದ ಮೇ ತಿಂಗಳಿನಲ್ಲಿ ಐದಾರು ದಿನ ಮಳೆ ಸುರಿದು, 12ರಂದು ಧಾರಾಕಾರವಾಗಿ ಹೊಯ್ದು, ಹತ್ತಿರದ ಹೊಲಕ್ಕೆ ಹಾಕಿದ್ದ ಗೊಬ್ಬರದಲ್ಲಿದ್ದ ಇ. ಕೋಲಿಯ ಘೋರವಾದ ಒಂದು ಪ್ರಭೇದವು ನೆಲದೊಳಗೆ ಇಳಿದು ಆ ಬಾವಿಯನ್ನು ಹೊಕ್ಕಿತು. ಹೊಲದ ಒಡೆಯನು ತನ್ನ ಕೆಲಸವನ್ನು ಕ್ರಮವಾಗಿಯೇ ಮಾಡಿದ್ದನೆಂದು ತರುವಾಯ ನಡೆದ ವಿಚಾರಣೆಯಲ್ಲಿ ನಿರ್ಣಯವಾಯಿತು. ತಪ್ಪಿದುದು ಕಾವಲು.

ನೀರಿನಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರುವಂತೆ ನೋಡಿಕೊಂಡು, ದಿನವೂ ಅಳೆದು ಬರೆದಿಡತಕ್ಕದ್ದೆಂಬುದು ಅಲ್ಲಿಯ ವಿಧಿಯಾಗಿತ್ತು. ಆದರೆ ನೀರು ಸರಬರಾಜಿನ ಅಧಿಕಾರದಲ್ಲಿದ್ದವರು ವರ್ಷಗಟ್ಟಲೆ ಬೇಕಾದುದಕ್ಕಿಂತ ಕಡಮೆ ಕ್ಲೋರಿನ್ ಹಾಕುತ್ತ, ಅಳೆಯದೆಯೇ 0.5 ಎಂದೋ 0.75 ಎಂದೋ ದಫ್ತರದಲ್ಲಿ ಬರೆಯುತ್ತ, ಒಂದು ಕಡೆ ಹಿಡಿದ ಮಾದರಿಯ ಸೀಸೆಗೆ ಮತ್ತೊಂದು ಕಡೆಯ ಹೆಸರು ಅಂಟಿಸುತ್ತ ಬಂದಿದ್ದರು. ಅವರು ಊರಿಗೆ ಕೇಡು ಬಗೆದವರಲ್ಲ. ಬಾವಿಯ ನೀರು ಸ್ವಭಾವತಃ ಶುದ್ಧವೆಂದೇ ನಂಬಿ, ಕ್ಲೋರಿನ್ ಬೆರೆಸದ ನೀರನ್ನು ತಾವೂ ಕುಡಿಯುತ್ತಿದ್ದವರು. ಕ್ಲೋರಿನ್ ವಾಸನೆ ಬಂತೆಂದು ಊರಿನ ಕೆಲವರು ಆಕ್ಷೇಪಿಸುತ್ತಿದ್ದುದೂ ಉಂಟು. ಅಜ್ಞಾನವೂ ಆಲಸ್ಯವೂ ಕೂಡಿ ಸುಳ್ಳು ಅಂಕೆಯ ರೂಪ ತಾಳಿದಾಗ ಅದು ದುಷ್ಟಬುದ್ಧಿಗಿಂತ ಕಡಮೆ ಘಾತುಕವಾಗುವುದಿಲ್ಲ.

ಮೇ 15ರ ಸೋಮವಾರ ಹಿಡಿದ ಮಾದರಿಗಳು ಖಾಸಗಿ ಪ್ರಯೋಗಶಾಲೆಗೆ ಹೋದವು. 17ರಂದು ನೀರು ಕೆಟ್ಟಿದೆಯೆಂಬ ಉತ್ತರವು ಸರಬರಾಜಿನ ವ್ಯವಸ್ಥಾಪಕನಿಗೆ ಬಂದು ತಲಪಿತು. ಪ್ರಯೋಗಶಾಲೆಯು ಅದನ್ನು ಆರೋಗ್ಯಾಧಿಕಾರಿಗೆ ತಿಳಿಸಲಿಲ್ಲ. ತಿಳಿಸಬೇಕೆಂಬ ಕಾನೂನು ಇರಲಿಲ್ಲ. 1996ರಲ್ಲಿ ಸರಕಾರವು ನೀರಿನ ಪರೀಕ್ಷೆಯ ಕೆಲಸವನ್ನು ತನ್ನ ಪ್ರಯೋಗಶಾಲೆಗಳಿಂದ ತೆಗೆದು ಖಾಸಗಿಯವರಿಗೆ ಬಿಟ್ಟಾಗ, ಕೆಟ್ಟ ಫಲಿತಾಂಶವನ್ನು ಯಾರಿಗೆ ಮುಟ್ಟಿಸತಕ್ಕದ್ದೆಂಬ ಒಂದು ವಾಕ್ಯವನ್ನು ಕಡ್ಡಾಯವಾಗಿ ಬರೆಯಲು ಮರೆತಿತ್ತು. ವ್ಯವಸ್ಥಾಪಕನೂ ಬಾಯಿಬಿಡಲಿಲ್ಲ. ಅಷ್ಟರಲ್ಲಿ ರಕ್ತಭೇದಿಯಿಂದ ನರಳುವ ಮಕ್ಕಳು ಆಸ್ಪತ್ರೆ ಸೇರತೊಡಗಿದ್ದರು. 19ರಂದು ಮಕ್ಕಳ ವೈದ್ಯೆಯೊಬ್ಬರು ಸಂಶಯಗೊಂಡು ಆರೋಗ್ಯ ಇಲಾಖೆಗೆ ತಿಳಿಸಿದರು. ಇಲಾಖೆಯವರು ನೀರು ಹೇಗಿದೆಯೆಂದು ಸರಬರಾಜಿನವರನ್ನು ಕೇಳಿದರು. ಕೆಟ್ಟ ವರದಿಯು ಕೈಯಲ್ಲಿದ್ದಾಗಲೇ ‘ನೀರು ಸರಿಯಾಗಿದೆ’ ಎಂಬ ಉತ್ತರ ಬಂತು. ಮರುದಿನ ಕೇಳಿದಾಗಲೂ ಅದೇ ಉತ್ತರ. ಕಡೆಗೆ 21ರ ಮಧ್ಯಾಹ್ನ ಆರೋಗ್ಯಾಧಿಕಾರಿಯು ತನ್ನ ಹೊಣೆಯ ಮೇಲೆಯೇ ನೀರನ್ನು ಕುದಿಸಿ ಕುಡಿಯಿರೆಂದು ಸಾರಿದನು. ಆ ಸಾರಿಕೆಯೂ ಆ ದಿನ ಊರಿನ ಅರ್ಧದಷ್ಟು ಜನರನ್ನು ಮಾತ್ರ ಮುಟ್ಟಿತು. ಏಳು ಜನರು ಸತ್ತರು. 2,300ಕ್ಕೂ ಹೆಚ್ಚು ಜನರು ಕಾಯಿಲೆ ಬಿದ್ದರು. ಆ ಊರಿನವರು ಮತ್ತೆ ಕುದಿಸದೆ ನೀರು ಕುಡಿದದ್ದು ಡಿಸೆಂಬರ್ ತಿಂಗಳಲ್ಲಿ.

ನ್ಯಾಯಮೂರ್ತಿ ಡೆನಿಸ್ ಓ’ಕಾನರ್ ಅವರು ವಿಚಾರಣೆ ನಡೆಸಿ 2002ರಲ್ಲಿ ಒಪ್ಪಿಸಿದ ವರದಿಯು ನೀರಿನ ವಿಷಯದಲ್ಲಿ ಆಸ್ಥೆಯುಳ್ಳವರೆಲ್ಲರೂ ಮನನ ಮಾಡಬೇಕಾದುದು. ಕ್ಲೋರಿನ್ನನ್ನೂ ಕಲಕುತನವನ್ನೂ ಎಡೆಬಿಡದೆ ಅಳೆಯುವ ಯಂತ್ರಗಳನ್ನು ಆ ಬಾವಿಗೆ ಜೋಡಿಸಿದ್ದರೆ ಈ ಅನಾಹುತವೇ ತಪ್ಪುತ್ತಿತ್ತೆಂದೂ, ಕೆಟ್ಟ ಫಲಿತಾಂಶವನ್ನು 19ರಂದಾದರೂ ಹೊರಗೆಡಹಿದ್ದರೆ 300ರಿಂದ 400 ಜನರು ಕಾಯಿಲೆ ಬೀಳದೆ ಉಳಿಯುತ್ತಿದ್ದರೆಂದೂ ಅದರಲ್ಲಿ ನಿರ್ಣಯಿಸಲಾಗಿದೆ. ಎರಡೇ ದಿನಗಳ ಮೌನದ ಬೆಲೆ ಅದು. ಆ ಬಳಿಕ ಆಂಟೇರಿಯೋ ಪ್ರಾಂತವು ಹೊಸ ಕಾಯಿದೆಯನ್ನು ಮಾಡಿ, ಕೆಟ್ಟ ಫಲಿತಾಂಶವನ್ನು ಪ್ರಯೋಗಶಾಲೆಯೇ ಕೂಡಲೇ ಆರೋಗ್ಯಾಧಿಕಾರಿಗೆ ಮುಟ್ಟಿಸತಕ್ಕದ್ದೆಂದು ವಿಧಿಸಿತು. ನೀರು ನಡೆಸುವವರಿಗೆ ಶಿಕ್ಷಣವನ್ನೂ ಪ್ರಮಾಣಪತ್ರವನ್ನೂ ಕಡ್ಡಾಯಮಾಡಿ, ಆ ಶಿಕ್ಷಣದ ಕೇಂದ್ರವನ್ನು 2004ರಲ್ಲಿ ಅದೇ ವಾಕರ್ಟನ್ನಿನಲ್ಲಿ ಸ್ಥಾಪಿಸಿತು.

ಈ ಕಥೆಯಿಂದ ಹೊರಡುವ ತತ್ವವಿಷ್ಟೆ: ಪರೀಕ್ಷೆಯೆಂಬುದು ಸಾಕ್ಷ್ಯದ ಅರ್ಧ ಮಾತ್ರ, ಕಂಡುದನ್ನು ನುಡಿದಾಗಲೇ ಸಾಕ್ಷ್ಯವು ಪೂರ್ಣವಾಗುತ್ತದೆ. ನುಡಿಯತಕ್ಕದ್ದು ಮೂವರಿಗೆ. ದೋಷವನ್ನು ತಿದ್ದಬಲ್ಲ ಸರಬರಾಜಿನವರಿಗೆ, ಜನರನ್ನು ರಕ್ಷಿಸಬಲ್ಲ ಆರೋಗ್ಯಾಧಿಕಾರಿಗೆ, ಮತ್ತು ಆ ನೀರನ್ನು ಕುಡಿಯುವ ಜನರಿಗೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳು 1974ರಲ್ಲಿ ಮಾಡಿಕೊಂಡ ಕುಡಿಯುವ ನೀರಿನ ಕಾಯಿದೆ ಮತ್ತು ಅದರ ನಿಯಮಗಳಲ್ಲಿ ಈ ಮೂರನೆಯವರಿಗೆ ವಿಶೇಷವಾದ ಸ್ಥಾನವಿದೆ. 15 ಸಂಪರ್ಕಗಳಿರುವ, ಅಥವಾ ವರ್ಷದಲ್ಲಿ 60 ದಿನವಾದರೂ 25 ಜನರಿಗೆ ನೀರುಣಿಸುವ ಯಾವ ವ್ಯವಸ್ಥೆಯೇ ಆಗಲಿ ಅದು ಸಾರ್ವಜನಿಕ ವ್ಯವಸ್ಥೆಯೆನಿಸುತ್ತದೆ. ನೀರಿನಿಂದ ಕೂಡಲೇ ಅಪಾಯವಾಗುವ ಸಂಭವವಿದ್ದರೆ 24 ಗಂಟೆಗಳೊಳಗೆ ಜನರಿಗೆ ಸಾರಬೇಕು. ಮತ್ತು 1999ರಿಂದೀಚೆಗೆ, ವರ್ಷವಿಡೀ ನೀರು ಕುಡಿಸುವ ಊರಿನ ವ್ಯವಸ್ಥೆಗಳು ತಮ್ಮ ನೀರಿನಲ್ಲಿ ಏನೇನು ಎಷ್ಟೆಷ್ಟು ಕಂಡಿತೆಂಬ ವಾರ್ಷಿಕ ವರದಿಯನ್ನು ಗ್ರಾಹಕರಿಗೆ ಒಪ್ಪಿಸಬೇಕು.

ಕಾನೂನು ಇದ್ದಮಾತ್ರಕ್ಕೆ ಸತ್ಯವು ತಾನಾಗಿ ಹೊರಬರುವುದಿಲ್ಲವೆಂಬುದಕ್ಕೆ ಅದೇ ದೇಶದ ಫ್ಲಿಂಟ್ ನಗರವು ನಿದರ್ಶನ. 2014ರ ಏಪ್ರಿಲ್‌ನಲ್ಲಿ ಖರ್ಚನ್ನು ಉಳಿಸುವ ಸಲುವಾಗಿ ನೀರಿನ ಮೂಲವನ್ನು ಬದಲಿಸಿ, ಕೊಳವೆಗಳು ಸವೆಯದಂತೆ ಬೆರೆಸಬೇಕಾದ ದ್ರವ್ಯವನ್ನು ಬೆರೆಸದೆ ಬಿಟ್ಟುದರಿಂದ, ಹಳೆಯ ಕೊಳವೆಗಳ ಸೀಸವು ಕರಗಿ ನೀರಿಗೆ ಬಂತು. ಮರುವರ್ಷ ಸಂಗ್ರಹಿಸಿದ 71 ಮಾದರಿಗಳ ಲೆಕ್ಕದಲ್ಲಿ ಸೀಸದ ಪ್ರಮಾಣವು ನೂರು ಕೋಟಿಗೆ 18 ಭಾಗವೆಂದು, ಅಂದರೆ ಕ್ರಮ ಕೈಗೊಳ್ಳಬೇಕಾದ 15ರ ಗೆರೆಯನ್ನು ಮೀರಿದೆಯೆಂದು ತೋರುತ್ತಿತ್ತು. ಹೆಚ್ಚು ಸೀಸವಿದ್ದ ಎರಡು ಮಾದರಿಗಳನ್ನು ಲೆಕ್ಕದಿಂದ ತೆಗೆದೊಡನೆ ಅದು 11ಕ್ಕೆ ಇಳಿದು, ಎಲ್ಲವೂ ಸರಿಯಾಗಿದೆಯೆಂಬ ವರದಿಯು ಸಿದ್ಧವಾಯಿತು. ಮೋನಾ ಹನ್ನಾ-ಅಟಿಶಾ ಎಂಬ ಮಕ್ಕಳ ವೈದ್ಯೆಯು ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಿರುವುದನ್ನು 2015ರ ಸೆಪ್ಟೆಂಬರ್‌ನಲ್ಲಿ ಬಹಿರಂಗಪಡಿಸಿದ ಮೇಲೆ, ಅಕ್ಟೋಬರ್‌ನಲ್ಲಿ ಆ ನಗರವು ಹಳೆಯ ಮೂಲಕ್ಕೆ ಮರಳಿತು. ಎರಡು ಸೀಸೆಗಳ ನೀರನ್ನು ಎಣಿಕೆಯಿಂದ ಬಿಡುವುದು ಕಾಗದದ ಮೇಲೆ ಅಲ್ಪವಾದ ಕಾರ್ಯವೆಂದು ತೋರಬಹುದು; ಆ ಸೀಸೆಗಳ ಹಿಂದೆ ಮನೆಗಳಿರುತ್ತವೆ, ಮನೆಗಳಲ್ಲಿ ಮಕ್ಕಳಿರುತ್ತಾರೆ.

ಇನ್ನು ನಮ್ಮ ನಾಡಿನ ಮಾತು. ರಾಯಚೂರು ನಗರದಲ್ಲಿ 2022ರಲ್ಲಿ, ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ 2023ರಲ್ಲಿ ಕಲುಷಿತವಾದ ನೀರು ಕುಡಿದು ಜನರು ಆಸ್ಪತ್ರೆ ಸೇರಿದುದನ್ನೂ ಪ್ರಾಣ ಕಳೆದುಕೊಂಡುದನ್ನೂ ಓದುಗರು ಮರೆತಿರಲಾರರು. ಅತಿಸಾರದಿಂದ ಕೂಡಲೇ ಕಾಣಿಸಿಕೊಳ್ಳುವ ಕೇಡು ಇದಾದರೆ, ವರ್ಷಗಳ ಮೇಲೆ ಕಾಣಿಸಿಕೊಳ್ಳುವ ಕೇಡು ಮತ್ತೊಂದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಯ ಪಾವಗಡ, ರಾಯಚೂರು, ಕೊಪ್ಪಳ, ಗದಗ ಮೊದಲಾದ ಸೀಮೆಗಳ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಮಿತಿಮೀರಿರುವ ಹಳ್ಳಿಗಳು ಬಹಳ ಇವೆ. ಲೀಟರಿಗೆ 1 ಮಿಲಿಗ್ರಾಮಿನವರೆಗೆ ಒಪ್ಪತಕ್ಕದ್ದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸತಕ್ಕದ್ದು ಎಂದು ನಮ್ಮ ಮಾನಕವು ಹೇಳುತ್ತದೆ. ಅದನ್ನು ಬಹುವಾಗಿ ಮೀರಿದ ನೀರನ್ನು ಬಾಲ್ಯದಿಂದ ಕುಡಿದವರ ಹಲ್ಲುಗಳು ಕಂದಿ, ಮುಂದೆ ಕೀಲುಗಳು ಬಿಗಿದು, ಬೆನ್ನು ಬಾಗುವುದೂ ಉಂಟು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನೀರನ್ನು ಕುದಿಸಿದರೆ ಜೀವಾಣುಗಳು ಸಾಯುತ್ತವೆ. ಫ್ಲೋರೈಡಾಗಲಿ, ಹಸುಗೂಸುಗಳಿಗೆ ಅಪಾಯಕರವಾದ ನೈಟ್ರೇಟಾಗಲಿ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅವುಗಳ ಸಾಂದ್ರತೆ ಹೆಚ್ಚುತ್ತದೆ. ಆದುದರಿಂದ ‘ನೀರು ಕೆಟ್ಟಿದೆ’ ಎಂದಷ್ಟೇ ಹೇಳಿದರೆ ಸಾಲದು. ಯಾವುದರಿಂದ ಕೆಟ್ಟಿದೆ, ಏನು ಮಾಡಿದರೆ ನೀಗುತ್ತದೆ ಎಂಬುದನ್ನೂ ಜನರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಬೇಕು.

2019ರ ಆಗಸ್ಟ್ 15ರಂದು ಸಾರಲಾದ, ನಮ್ಮಲ್ಲಿ ‘ಮನೆ ಮನೆಗೆ ಗಂಗೆ’ ಎಂದು ಹೆಸರಾದ ಜಲಜೀವನ್ ಯೋಜನೆಯು ಪ್ರತಿ ಗ್ರಾಮೀಣ ಕುಟುಂಬಕ್ಕೂ ನಲ್ಲಿಯ ಮೂಲಕ, ತಲೆಗೆ ದಿನವೊಂದಕ್ಕೆ 55 ಲೀಟರು, ಮಾನಕಕ್ಕೆ ಒಪ್ಪುವ ನೀರನ್ನು ಕೊಡುವ ಸಂಕಲ್ಪವುಳ್ಳದ್ದು. ಅದರ ಮಾರ್ಗಸೂಚಿಯಂತೆ ನೀರಿನ ಮೂಲಗಳನ್ನು ವರ್ಷಕ್ಕೊಮ್ಮೆ ರಾಸಾಯನಿಕ ದೋಷಗಳಿಗಾಗಿಯೂ, ಎರಡು ಬಾರಿ, ಎಂದರೆ ಮಳೆಗಾಲದ ಹಿಂದೆಯೂ ಮುಂದೆಯೂ, ಜೀವಾಣುಗಳಿಗಾಗಿಯೂ ಪರೀಕ್ಷಿಸಬೇಕು. ಪ್ರಯೋಗಶಾಲೆಗಳ ಬಾಗಿಲನ್ನು ಸಾಮಾನ್ಯ ಜನರಿಗೂ ತೆರೆದಿಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಕ್ಷೇತ್ರ ಪರೀಕ್ಷಾ ಕಿಟ್ಟನ್ನು ಬಳಸುವ ಶಿಕ್ಷಣವನ್ನು ಕೊಡತಕ್ಕದ್ದೆಂಬ ಏರ್ಪಾಡು ನನಗೆ ಅತ್ಯಂತ ಪ್ರಿಯವಾದುದು. ಬಣ್ಣದ ಪಟ್ಟಿಯೊಡನೆ ಹೋಲಿಸಿ ಫ್ಲೋರೈಡ್, ನೈಟ್ರೇಟ್, ಉಳಿಕೆ ಕ್ಲೋರಿನ್ನುಗಳನ್ನು ಅಳೆಯುವ ಆ ಪೆಟ್ಟಿಗೆಯ ಜೊತೆಯಲ್ಲಿ ಬರುವ ಪುಟ್ಟ ಸೀಸೆಯೊಂದಿದೆ. ಗ್ವಾಲಿಯರಿನ ರಕ್ಷಣಾ ಸಂಶೋಧನಾಲಯದ ಮಂಜ, ಮೌರ್ಯ, ರಾವ್ ಎಂಬ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ವಿಧಾನವದು. ನೀರು ತುಂಬಿ ಬೆಚ್ಚಗಿನ ಜಾಗದಲ್ಲಿಟ್ಟರೆ, ಮಲದ ಜೀವಾಣುಗಳಿದ್ದ ಪಕ್ಷದಲ್ಲಿ ಒಂದೆರಡು ದಿನಗಳಲ್ಲಿ ನೀರು ಕಪ್ಪಾಗುತ್ತದೆ. ಅಕ್ಷರ ಬಾರದವರಿಗೂ ಆ ಕಪ್ಪು ಅರ್ಥವಾಗುತ್ತದೆ. ಬಾವಿಕಟ್ಟೆಯ ಮೇಲೆ ನಿಂತು ತನ್ನ ಮನೆಯ ನೀರಿಗೆ ತಾನೇ ಸಾಕ್ಷಿಯಾಗಿದ್ದ ಗೃಹಿಣಿಗೆ ಆ ಸಾಕ್ಷಿತ್ವವನ್ನು ಶಾಸ್ತ್ರದ ಬಲದೊಡನೆ ಮರಳಿ ಒಪ್ಪಿಸುವ ಪ್ರಯತ್ನವಿದು.

ಈ ಸರಪಣಿಯ ಇನ್ನೊಂದು ಕೊಂಡಿ ನಮ್ಮ ನೀರುಗಂಟಿ. ಹಿಂದೆ ಕೆರೆಯ ತೂಬನ್ನು ತೆಗೆದು ಮುಚ್ಚಿ ಗದ್ದೆಗದ್ದೆಗೆ ನೀರು ಹಂಚುತ್ತಿದ್ದವನ ಹೆಸರನ್ನೇ ಇಂದು ಪಂಚಾಯತಿಯ ಮೇಲ್ತೊಟ್ಟಿಯನ್ನು ನೋಡಿಕೊಳ್ಳುವವನೂ ಹೊತ್ತಿದ್ದಾನೆ. ತಿಳಿನೀರಿಗೆ ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರು ಸಾಕು. ಆದರೆ ಬಾಯಿ ತೆರೆದ ಚೀಲದಲ್ಲಿ ಗಾಳಿ ಬೆಳಕುಗಳಿಗೆ ಒಡ್ಡಿಕೊಂಡ ಪುಡಿಯು ತನ್ನ ಸತ್ವವನ್ನು ಕಳೆದುಕೊಂಡಿರುತ್ತದೆ, ಹಾಕಿದರೂ ಹಾಕದಂತೆಯೇ. ಈ ಸೂಕ್ಷ್ಮವನ್ನು ಅವನಿಗೆ ಕಲಿಸಬೇಕು, ಅಳೆಯುವ ಉಪಕರಣವನ್ನು ಅವನ ಕೈಗೆ ಕೊಡಬೇಕು, ಸಂಬಳವನ್ನು ಕಾಲಕ್ಕೆ ಸರಿಯಾಗಿ ಮುಟ್ಟಿಸಬೇಕು. ಊರಿನ ಆರೋಗ್ಯವನ್ನು ಯಾರ ಕೈಯಲ್ಲಿಟ್ಟಿದ್ದೇವೆಯೋ ಅವನನ್ನು ಅಜ್ಞಾನದಲ್ಲಿಯೂ ಅಭಾವದಲ್ಲಿಯೂ ಇಟ್ಟು ನಾವು ಕ್ಷೇಮವಾಗಿರುವೆವೆಂದು ತಿಳಿಯುವುದು ಅವಿವೇಕ. ವಾಕರ್ಟನ್ನಿನಲ್ಲಿ ನೀರು ನಡೆಸುತ್ತಿದ್ದವರಿಗೂ ಯಾರೂ ಸರಿಯಾಗಿ ಕಲಿಸಿರಲಿಲ್ಲ.

ಪರೀಕ್ಷೆಯ ವಿಧಿಯಿದೆ, ಮಾನಕವಿದೆ, ಕಿಟ್ಟಿದೆ, ಪ್ರಯೋಗಶಾಲೆಯಿದೆ. ಇವೆಲ್ಲವೂ ಕೂಡಿ ಫಲಿಸಬೇಕಾದರೆ ಕೇಳುವ ಜನರು ಬೇಕು. ಅಂಕೆಗಳು ಇಲಾಖೆಯ ಗಣಕದಲ್ಲಿ ಸೇರಿ ಅಲ್ಲಿಯೇ ಉಳಿದರೆ, ವಾಕರ್ಟನ್ನಿನ 17ನೆಯ ತಾರೀಖಿನ ಆ ವರದಿಗೂ ಅವಕ್ಕೂ ವ್ಯತ್ಯಾಸವಿಲ್ಲ. ಪಂಚಾಯತಿಯ ಗೋಡೆಯ ಮೇಲೆ, ಶಾಲೆಯ ಹಲಗೆಯ ಮೇಲೆ, ಅಂಗನವಾಡಿಯ ಬಾಗಿಲಲ್ಲಿ, ಈ ತಿಂಗಳು ಯಾವ ನಲ್ಲಿಯ ನೀರನ್ನು ಪರೀಕ್ಷಿಸಲಾಯಿತು, ಏನು ಕಂಡಿತು, ಏನು ಮಾಡಲಾಯಿತು ಎಂಬ ಮೂರು ಸಾಲುಗಳನ್ನು ಸ್ಪಷ್ಟವಾದ ಕನ್ನಡದಲ್ಲಿ ಬರೆಯುವುದಕ್ಕೆ ಹೆಚ್ಚಿನ ಹಣವೇನೂ ಬೇಕಾಗುವುದಿಲ್ಲ. ಹೇಳಬೇಕೆಂಬ ಮನಸ್ಸು ಬೇಕು, ಕೇಳಿಯೇ ತೀರುವೆವೆಂಬ ಜನರು ಬೇಕು.

ನೀರು ಕೊಟ್ಟವರನ್ನು ಅದರ ವೃತ್ತಾಂತವನ್ನು ಕೇಳುವುದು ಅವಿಶ್ವಾಸದ ಲಕ್ಷಣವಲ್ಲ. ವಿಶ್ವಾಸವನ್ನು ಊರ್ಜಿತವಾಗಿಡುವ ಮಾರ್ಗವೇ ಅದು. ಆದುದರಿಂದ ಓದುಗರಲ್ಲಿ ನನ್ನ ವಿಜ್ಞಾಪನೆ ಇದು: ಹಳ್ಳಿಯವರಾದರೆ ಮುಂದಿನ ಗ್ರಾಮ ಸಭೆಯಲ್ಲಿ ಎದ್ದು ನಿಂತು, ಪಟ್ಟಣದವರಾದರೆ ನಿಮ್ಮ ವಾರ್ಡಿನ ನೀರು ಸರಬರಾಜಿನ ಕಚೇರಿಗೆ ಹೋಗಿ, ನಮ್ಮ ಬೀದಿಯ ಕೊನೆಯ ನಲ್ಲಿಯ ನೀರನ್ನು ಕಡೆಯ ಬಾರಿ ಯಾವಾಗ ಪರೀಕ್ಷಿಸಿದಿರಿ, ಏನು ಕಂಡಿರಿ ಎಂದು ಕೇಳಿರಿ. ಉತ್ತರ ಬರುವವರೆಗೆ ಕೇಳಿರಿ.